ಹಡಗಿನ ಬಾಲ್ಕನಿ: ಗಾಳಿಗೆ ಬೆಲೆ ಬಂದ ಕಥೆ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ಇಯರ್‌ಫೋನ್ ಹಾಕ್ಕೊಂಡಿದ್ದೀರಿ ಅಂದ್ಕೋತೀನಿ. ಬಸ್ಸಿನಲ್ಲಿದ್ದರೆ ಕಿಟಕಿ ಪಕ್ಕದ ಸೀಟು ಸಿಕ್ಕಿರಲಿ. ಯಾಕಂದ್ರೆ ಇವತ್ತಿನ ಕಥೆ ಪೂರ್ತಿ ಕಿಟಕಿ ಪಕ್ಕದ ಸೀಟಿನ ಬಗ್ಗೆಯೇ.

ಈ ವರ್ಷ ನಮ್ಮ ಅಪ್ಪ ಅಮ್ಮನ ಮದುವೆಗೆ 30 ವರ್ಷ. ಏನು ಬೇಕಮ್ಮ ಅಂತ ಕೇಳಿದೆ. ಅಮ್ಮ ಮಾತಾಡದೆ ಫೋನಿನಲ್ಲಿ ಒಂದು ರೀಲ್ ತೋರಿಸಿದರು. ಕ್ರೂಸ್ ಹಡಗು, ಅದರ ಬಾಲ್ಕನಿ, ಬಾಲ್ಕನಿಯಲ್ಲಿ ಕಾಲು ಚಾಚಿ ಕಾಫಿ ಕುಡಿಯುತ್ತಾ ಕೂತ ಒಬ್ಬ ಹೆಂಗಸು, ಎದುರಿಗೆ ಸಮುದ್ರ. ಸರಿ, ಮುಂಬಯಿಯಿಂದ ಹೊರಡುವ ಹಡಗಿನ ಟಿಕೆಟ್ ನೋಡಲು ಕೂತೆ. ಮೂರು ನಮೂನೆಯ ಕೋಣೆಗಳು. ಕಿಟಕಿಯೇ ಇಲ್ಲದ ಒಳಕೋಣೆ, ತೆರೆಯಲಾಗದ ಗಾಜಿನ ಕಿಟಕಿಯ ಕೋಣೆ, ಆಮೇಲೆ ಬಾಲ್ಕನಿ ಕೋಣೆ. ಮೊದಲನೆಯದಕ್ಕೂ ಕೊನೆಯದಕ್ಕೂ ಇದ್ದ ವ್ಯತ್ಯಾಸ ನನ್ನ ಅರ್ಧ ತಿಂಗಳ ಸಂಬಳ. ಎರಡು ಕುರ್ಚಿ, ಒಂದು ಪುಟ್ಟ ಮೇಜು ಹಿಡಿಸುವ ಜಾಗಕ್ಕೆ ಇಷ್ಟು ದುಡ್ಡಾ?

ಇಂಥ ಹೊತ್ತಲ್ಲಿ ನಾನು ಎರಡು ಕೆಲಸ ಮಾಡ್ತೀನಿ. ಒಂದು, ಹಳೇ ಚರಿತ್ರೆ ಓದೋದು. ಇನ್ನೊಂದು, ಗೊತ್ತಿರುವವರಿಗೆ ಫೋನ್ ಮಾಡೋದು. ಗೊತ್ತಿರುವವರು ನಮ್ಮನೆಯಲ್ಲೇ ಇದ್ದಾರೆ. ದೊಡ್ಡಮ್ಮನ ಮಗ, ನಾನು ಅಣ್ಣ ಅಂತ ಕರೆಯುವವನು, ಆರು ವರ್ಷ ದೊಡ್ಡ ಕ್ರೂಸ್ ಹಡಗುಗಳಲ್ಲಿ ಕ್ಯಾಬಿನ್ ಸ್ಟೀವರ್ಡ್ ಆಗಿದ್ದ. ಗೋವಾದಿಂದ ಮಂಗಳೂರಿನ ತನಕ ಕರಾವಳಿಯಲ್ಲಿ ಇಂಥ ಹುಡುಗರು ತುಂಬಾ ಜನ. ನಾನು ಕೇಳಿದ ಕೂಡಲೇ ಅವನು ನಕ್ಕ. "ಎಂಥ ಮಾರಾಯ್ತಿ, ಬಾಲ್ಕನಿ ಹೇಗೆ ಅಂತ ನನ್ನ ಹತ್ರ ಕೇಳ್ತೀಯಲ್ಲ? ನಾನು ಬಾಲ್ಕನಿ ಒರೆಸಿದವ, ಕೂತವ ಅಲ್ಲ."

ಆ ಮಾತಿಗೆ ಆಮೇಲೆ ಬರ್ತೀನಿ. ಮೊದಲು ನಮ್ಮ ಅಜ್ಜನ ಕಥೆ.

ಅಜ್ಜ ಸ್ವಾತಂತ್ರ್ಯ ಬರುವ ಮುಂಚೆ, ಇನ್ನೂ ಮೀಸೆ ಚಿಗುರದ ವಯಸ್ಸಿನಲ್ಲಿ, ಹೋಟೆಲ್ ಕೆಲಸಕ್ಕೆ ಅಂತ ಬೊಂಬಾಯಿಗೆ ಹೋದವರು. ಆಗ ಘಟ್ಟ, ಹೊಳೆ ದಾಟಿ ರಸ್ತೆಯಲ್ಲಿ ಹೋಗುವುದಕ್ಕಿಂತ ಮಂಗಳೂರಿನಿಂದ ಆವಿ ಹಡಗು ಹತ್ತುವುದೇ ಸಲೀಸು. ಉಡುಪಿ ಹೋಟೆಲುಗಳ ಎಷ್ಟೋ ಕಥೆಗಳು ಶುರುವಾಗುವುದು ಆ ಹಡಗುಗಳಿಂದಲೇ. ಅಜ್ಜನದು ಡೆಕ್ ಟಿಕೆಟ್, ಎಲ್ಲಕ್ಕಿಂತ ಅಗ್ಗದ್ದು. ಕೋಣೆ ಇಲ್ಲ, ಮಂಚ ಇಲ್ಲ. ಚಾಪೆ ಬಿಡಿಸಿ, ಟ್ರಂಕು ತಲೆದೆಸೆಗೆ ಇಟ್ಟುಕೊಂಡು ಹಡಗಿನ ಮೇಲ್ಗಡೆಯಲ್ಲೇ ಮಲಗುವುದು. ಮೇಲೆ ನಕ್ಷತ್ರ, ಸುತ್ತ ಸಮುದ್ರದ ಗಾಳಿ, ಪಕ್ಕದಲ್ಲಿ ಯಾರದೋ ಕೋಳಿ ಬುಟ್ಟಿ. "ಒಳಗೆ ಕ್ಯಾಬಿನ್ನಿನವರು ಬೆವರ್ತಾ ಇದ್ರು, ನಾವು ಗಾಳಿ ತಿಂತಾ ಇದ್ವಿ" ಅಂತ ಅಜ್ಜ ಹೇಳುತ್ತಿದ್ದರು. ಜಂಬ ಅಂತ ನಾನು ಅಂದುಕೊಂಡಿದ್ದೆ. ಓದಿದ ಮೇಲೆ ಗೊತ್ತಾಯ್ತು, ಅವರು ಹೇಳಿದ್ದು ನಿಜ.

ಎಸಿ ಬರುವ ಮುಂಚಿನ ಹಡಗನ್ನು ಕಲ್ಪಿಸಿಕೊಳ್ಳಿ. ಸುತ್ತಲೂ ಕಬ್ಬಿಣ. ದಿನವಿಡೀ ಬಿಸಿಲು ಕುಡಿದು ಕಾದ ಕಬ್ಬಿಣ. ಕೆಳಗೆ ಉರಿಯುವ ಬಾಯ್ಲರು. ಕೋಣೆಗೆ ಇರುವುದು ಊಟದ ತಟ್ಟೆಯಷ್ಟು ಅಗಲದ ಒಂದು ದುಂಡು ಕಿಟಕಿ. ಅಲೆ ಎದ್ದರೆ ಅದನ್ನೂ ಮುಚ್ಚಬೇಕು. ಶಾಂತವಾಗಿದ್ದರೆ ಅದರೊಳಗಿಂದ ಮೊರದ ಆಕಾರದ ತಗಡು ಹೊರಗೆ ಚಾಚಿ, ಹೋಗುವ ಗಾಳಿಯನ್ನು ಒಳಗೆ ತಿರುಗಿಸಿಕೊಳ್ಳುತ್ತಿದ್ದರು. 1869ರಲ್ಲಿ ಸುಯೆಜ್ ಕಾಲುವೆ ತೆರೆದ ಮೇಲೆ ಇಂಗ್ಲೆಂಡಿನಿಂದ ಭಾರತಕ್ಕೆ ಬರುವ ದಾರಿ ಕೆಂಪು ಸಮುದ್ರದ ಮೂಲಕ. ಎರಡೂ ಕಡೆ ಮರುಭೂಮಿ. ಅಲ್ಲಿ ಮೊದಲ ದರ್ಜೆಯ ಸಾಹೇಬರೂ ಕೋಣೆ ಬಿಟ್ಟು, ಹಾಸಿಗೆ ಹೊತ್ತುಕೊಂಡು ಡೆಕ್ಕಿಗೆ ಬಂದು ಮಲಗುತ್ತಿದ್ದರು.

ಇಲ್ಲೊಂದು ಜನಪ್ರಿಯ ಕಥೆ ಇದೆ, ನಿಮ್ಮ ಫೋನಿಗೂ ಫಾರ್ವರ್ಡ್ ಆಗಿ ಬಂದಿರಬಹುದು. ಇಂಗ್ಲಿಷಿನಲ್ಲಿ ಶ್ರೀಮಂತಿಕೆಗೆ 'ಪಾಶ್' ಅಂತಾರಲ್ಲ, ಅದು 'ಪೋರ್ಟ್ ಔಟ್, ಸ್ಟಾರ್‌ಬೋರ್ಡ್ ಹೋಮ್' ಅನ್ನುವುದರ ಮೊದಲಕ್ಷರಗಳಂತೆ. ಅಂದರೆ, ಭಾರತಕ್ಕೆ ಬರುವಾಗ ಹಡಗಿನ ಎಡಬದಿಯ ಕೋಣೆ, ವಾಪಸು ಹೋಗುವಾಗ ಬಲಬದಿಯ ಕೋಣೆ. ದುಡ್ಡಿದ್ದವರು ಹಾಗೆ ಬುಕ್ ಮಾಡುತ್ತಿದ್ದರು, ಪಿ ಅಂಡ್ ಓ ಕಂಪನಿಯವರು ಟಿಕೆಟ್ಟಿನ ಮೇಲೆ ಆ ನಾಲ್ಕು ಅಕ್ಷರ ಒತ್ತುತ್ತಿದ್ದರು ಅಂತ ಕಥೆ. ಅಂಥ ಮುದ್ರೆ ಇರುವ ಒಂದೇ ಒಂದು ಟಿಕೆಟ್ಟೂ ಇದುವರೆಗೆ ಸಿಕ್ಕಿಲ್ಲ. ಪದಗಳ ಹುಟ್ಟು ಹುಡುಕುವವರು ಇದನ್ನು ಒಪ್ಪುವುದೂ ಇಲ್ಲ. ಆದರೆ ಕಥೆಯೊಳಗಿನ ಲೆಕ್ಕ ಮಾತ್ರ ಸರಿ ಇದೆ. ಕೆಂಪು ಸಮುದ್ರದಲ್ಲಿ ಹಡಗು ದಕ್ಷಿಣಕ್ಕೆ ಇಳಿಯುವಾಗ ಎಡಬದಿ ಪೂರ್ವಕ್ಕೆ ಇರುತ್ತದೆ, ಅಂದರೆ ಮಧ್ಯಾಹ್ನದ ಮೇಲಿನ ಕೆಟ್ಟ ಬಿಸಿಲು ಬೀಳುವುದು ಬಲಬದಿಗೆ. ವಾಪಸು ಹೋಗುವಾಗ ಉಲ್ಟಾ. ಇದನ್ನು ನೆನಪಿಟ್ಟುಕೊಳ್ಳಿ, ಕೊನೆಯಲ್ಲಿ ನನ್ನ ಬುಕಿಂಗ್‌ಗೆ ಬೇಕಾಗುತ್ತೆ.

ಹಡಗಿನ ಗಾಳಿಯ ಕಥೆಯಲ್ಲಿ ನಮ್ಮ ಕಡೆಯ ಪದವೂ ಇದೆ. ಕೋಣೆಯೊಳಗೆ ಕೊಳವೆಯಿಂದ ಗಾಳಿ ಬಿಡುವ, ಬೇಕಾದ ಕಡೆ ತಿರುಗಿಸಬಹುದಾದ ದುಂಡು ಮೂತಿಗೆ ಹಡಗಿನವರು 'ಪಂಕಾ ಲೂವರ್' ಅಂತ ಕರೆದರು. ಪಂಕಾ ಅಂದರೆ ನಮ್ಮ ಪಂಖವೇ. ವಿಮಾನದಲ್ಲಿ, ವೋಲ್ವೊ ಬಸ್ಸಿನಲ್ಲಿ ತಲೆ ಮೇಲೆ ತಿರುಗಿಸ್ತೀವಲ್ಲ, ಅದರ ಅಜ್ಜ ಇದು. ಅದೇ ರೀತಿ ಈಗ ಕ್ರೂಸ್ ಕಂಪನಿಗಳು ಬಾಲ್ಕನಿಗೆ 'ವೆರಾಂಡಾ' ಅಂತ ಸ್ಟೈಲಾಗಿ ಹೆಸರಿಡುತ್ತವೆ. ಆ ಪದ ಇಂಗ್ಲಿಷಿಗೆ ಹೋಗಿದ್ದೇ ಭಾರತದಿಂದ. ನಮ್ಮ ಜಗಲಿಯನ್ನೇ ನಮಗೆ ಹೆಚ್ಚು ರೇಟಿಗೆ ಮಾರ್ತಾ ಇದ್ದಾರೆ ಅನ್ನಿ.

1931ರ ಆಗಸ್ಟ್ 29ರಂದು ಗಾಂಧೀಜಿ ದುಂಡುಮೇಜಿನ ಪರಿಷತ್ತಿಗೆ ಹೊರಟಿದ್ದು ಮುಂಬಯಿಯಿಂದ, ಎಸ್.ಎಸ್. ರಜಪುತಾನ ಅನ್ನುವ ಹಡಗಿನಲ್ಲಿ. ಎರಡನೇ ದರ್ಜೆಯ ಪ್ರಯಾಣ. ಅವರು ಬಹುಪಾಲು ಹೊತ್ತು ಕಳೆದಿದ್ದು, ಮಲಗಿದ್ದು ಡೆಕ್ ಮೇಲೆ. ಅದರಲ್ಲಿ ಸರಳತೆ ಎಷ್ಟಿತ್ತೋ ಬುದ್ಧಿವಂತಿಕೆಯೂ ಅಷ್ಟೇ ಇತ್ತು ಅಂತ ನನಗನ್ನಿಸುತ್ತೆ. ಅದೇ ದಶಕದಲ್ಲಿ ನಮ್ಮ ವಿ.ಕೃ. ಗೋಕಾಕರು ಆಕ್ಸ್‌ಫರ್ಡಿಗೆ ಓದಲು ಹೋದದ್ದೂ ಹಡಗಿನಲ್ಲೇ. 'ಸಮುದ್ರ ಗೀತೆಗಳು', 'ಸಮುದ್ರದಾಚೆಯಿಂದ' ಎರಡೂ ಆ ಕಾಲದ ಫಸಲು. ಕನ್ನಡಕ್ಕೆ ಸಮುದ್ರದ ಕವಿತೆಗಳು ಬಂದದ್ದು ಹೀಗೆ ಹಡಗೇರಿ, ದಿನಗಟ್ಟಲೆ ನೀರನ್ನೇ ನೋಡಿದವರಿಂದ.

ಹಾಗಾದರೆ ಕೋಣೆಗೇ ಅಂಟಿಕೊಂಡ ಖಾಸಗಿ ಡೆಕ್ಕು, ಅಂದರೆ ಬಾಗಿಲೂ ನಂದೇ, ಗಾಳಿಯೂ ನಂದೇ ಅನ್ನುವ ಯೋಚನೆ ಯಾವಾಗ ಬಂತು? ಹೆಸರಾಂತ ಉದಾಹರಣೆ 1912ರ ಟೈಟಾನಿಕ್. ಅದರ 'ಬಿ' ಡೆಕ್ಕಿನಲ್ಲಿ ಎರಡೇ ಎರಡು ಸೂಟುಗಳಿಗೆ ಸುಮಾರು 50 ಅಡಿ ಉದ್ದದ ಖಾಸಗಿ ವರಾಂಡ ಇತ್ತು. ಅದು ತೆರೆದ ಬಾಲ್ಕನಿ ಅಲ್ಲ, ಕಿಟಕಿ ಹಾಕಿ ಮುಚ್ಚಿದ್ದು. ಒಂದರಲ್ಲಿ ಹಡಗು ಕಂಪನಿಯ ಮುಖ್ಯಸ್ಥ ಬ್ರೂಸ್ ಇಸ್ಮೇ ಇದ್ದ. ಇನ್ನೊಂದರಲ್ಲಿ ಶಾರ್ಲೆಟ್ ಕಾರ್ಡೆಜಾ ಅನ್ನುವ ಅಮೆರಿಕದ ಶ್ರೀಮಂತೆ, ಮಗನ ಜೊತೆ. ಇಬ್ಬರೂ ಬದುಕಿ ಉಳಿದರು. ಎರಡು ಸಾವಿರಕ್ಕೂ ಹೆಚ್ಚು ಜನರಿದ್ದ ಹಡಗಿನಲ್ಲಿ ಎರಡು ವರಾಂಡ!

1920ರ ದಶಕದ ಕೊನೆಗೆ ಇಟಲಿಯವರು ಸಾಟೂರ್ನಿಯಾ, ವುಲ್ಕಾನಿಯಾ ಅನ್ನುವ ಜೋಡಿ ಹಡಗು ಇಳಿಸಿದರು. ಅವುಗಳ ಮೊದಲ ದರ್ಜೆಯಲ್ಲಿ ಒಂದೆರಡಲ್ಲ, ಸಾಲುಸಾಲು ಖಾಸಗಿ ವರಾಂಡಗಳು. ಮೆಡಿಟರೇನಿಯನ್ ದಾರಿ ಬೆಚ್ಚಗಿನದು, ಅದಕ್ಕೇ ಅವರಿಗೆ ಅದು ಹೊಳೆಯಿತು. 1935ರ ಫ್ರೆಂಚ್ ಹಡಗು ನಾರ್ಮಂಡಿಯಲ್ಲೂ ಅತಿ ದುಬಾರಿ ಸೂಟುಗಳೆರಡಕ್ಕೆ ಸ್ವಂತ ತಾರಸಿ ಇತ್ತು. ಅಷ್ಟೇ. ಉಳಿದ ಕಡೆ ಬಾಲ್ಕನಿ ಯಾಕೆ ಹರಡಲಿಲ್ಲ ಅಂದ್ರೆ, ಆ ಹಡಗುಗಳ ಕೆಲಸವೇ ಬೇರೆ. ಚಳಿಗಾಲದ ಉತ್ತರ ಅಟ್ಲಾಂಟಿಕ್ಕಿನಲ್ಲಿ ಮನೆ ಎತ್ತರದ ಅಲೆಗಳನ್ನು ಸೀಳಿಕೊಂಡು, ಹೇಳಿದ ದಿನಕ್ಕೆ ನ್ಯೂಯಾರ್ಕ್ ಮುಟ್ಟಬೇಕು. ಪಕ್ಕದ ಗೋಡೆಯಲ್ಲಿ ತೂತು ಕೊರೆದಷ್ಟೂ ಹಡಗು ದುರ್ಬಲ. ಮೇಲಿನ ಒಳ್ಳೆಯ ಜಾಗವನ್ನೆಲ್ಲ ಎಲ್ಲರೂ ಓಡಾಡುವ ಡೆಕ್ಕು ಮತ್ತು ಲೈಫ್‌ಬೋಟುಗಳು ಹಿಡಿದುಕೊಂಡಿದ್ದವು.

ಆಮೇಲೆ ಎರಡು ಸಂಗತಿ ಹೆಚ್ಚುಕಡಿಮೆ ಒಟ್ಟಿಗೆ ಆದವು. ಒಂದು, ಎಸಿ. ಮಹಾಯುದ್ಧ ಮುಗಿದ ಮೇಲೆ ಅದು ಊಟದ ಹಾಲಿನಿಂದ ಕೋಣೆಗಳಿಗೆ ಹರಡಿ, 1961ರ ಕ್ಯಾನ್‌ಬೆರಾ ಹಡಗಿನ ಹೊತ್ತಿಗೆ ಇಡೀ ಹಡಗೇ ತಂಪು. ಇನ್ನೊಂದು, ಜೆಟ್ ವಿಮಾನ. 1958ರ ಅಕ್ಟೋಬರಿನಲ್ಲಿ ಬೋಯಿಂಗ್ 707 ಅಟ್ಲಾಂಟಿಕ್ ದಾಟಲು ಶುರುಮಾಡಿತು. ಹತ್ತೇ ವರ್ಷದಲ್ಲಿ ದೊಡ್ಡ ದೊಡ್ಡ ಹಡಗುಗಳು ಗುಜರಿಗೆ. ಉಳಿಯಬೇಕಾದರೆ ಹಡಗು ಬೇರೆ ಏನನ್ನೋ ಮಾರಬೇಕಿತ್ತು. ಹಾಗೆ ಹುಟ್ಟಿದ್ದು ಈಗಿನ ಕ್ರೂಸ್: ಎಲ್ಲಿಗೋ ಮುಟ್ಟಿಸುವುದಕ್ಕಲ್ಲ, ಸುತ್ತಾಡಿಸಿ ತಂದು ಬಿಡುವುದಕ್ಕೆ.

ಮಜಾ ಏನಂದ್ರೆ, ಮೊದಮೊದಲ ಕ್ರೂಸ್ ಹಡಗುಗಳಲ್ಲಿ ಕೋಣೆಗೆ ಬೆಲೆಯೇ ಇರಲಿಲ್ಲ. 1970ರಲ್ಲಿ ರಾಯಲ್ ಕೆರಿಬಿಯನ್ ಕಂಪನಿಯ ಮೊದಲ ಹಡಗು 'ಸಾಂಗ್ ಆಫ್ ನಾರ್ವೆ' ಬಂತು. ಕೋಣೆಗಳು ರೈಲಿನ ಬರ್ತಿನಷ್ಟು ಇಕ್ಕಟ್ಟು. ಮಾಲೀಕರ ಲೆಕ್ಕ ಇಷ್ಟೇ: ಜನ ಈಜುಕೊಳದಲ್ಲಿ, ಬಾರಿನಲ್ಲಿ, ಡೆಕ್ಕಿನಲ್ಲಿ ಇರಲಿ, ಅಲ್ಲೇ ಖರ್ಚು ಮಾಡಲಿ, ಕೋಣೆ ಬರೀ ಮಲಗುವುದಕ್ಕೆ. 1988ರಲ್ಲಿ ಅದೇ ಕಂಪನಿಯ 'ಸಾವರಿನ್ ಆಫ್ ದಿ ಸೀಸ್' ಬಂದಾಗ ಅದು ಆ ಕಾಲದ ದೈತ್ಯ. ಆದರೂ ಬಾಲ್ಕನಿ ಕೆಲವೇ ಕೆಲವು.

ಈಗ ಮುಂಬಯಿಯಿಂದ ಹೊರಡುವ 'ಎಂಪ್ರೆಸ್' ಹಡಗಿನ ರೀಲ್ಸ್ ನೀವು ನೋಡಿರ್ತೀರಿ. ಅದನ್ನು 1990ರಲ್ಲಿ 'ನಾರ್ಡಿಕ್ ಎಂಪ್ರೆಸ್' ಅನ್ನುವ ಹೆಸರಿನಲ್ಲಿ ಕಟ್ಟಿದ್ದು. ಅದನ್ನು ಹೊರಗಿನಿಂದ ನೋಡಿದರೆ ದೊಡ್ಡ ದೊಡ್ಡ ಗಾಜು ಕಾಣುತ್ತೆ, ಬಾಲ್ಕನಿ ಕಡಿಮೆ. ನಾನು ಟಿಕೆಟ್ ನೋಡುವಾಗ ಬಾಲ್ಕನಿ ಕೋಣೆ ಬೆರಳೆಣಿಕೆಯಷ್ಟೇ ಉಳಿದಿರುತ್ತವಲ್ಲ ಯಾಕೆ ಅಂತ ತಲೆ ಕೆರೆದುಕೊಂಡಿದ್ದೆ. ಉತ್ತರ ಹಡಗಿನ ವಯಸ್ಸಿನಲ್ಲಿತ್ತು.

ಲೆಕ್ಕ ಬದಲಾಯಿಸಿದ ಹಡಗು ಒಂದು ಅಂದರೆ 'ರಾಯಲ್ ಪ್ರಿನ್ಸೆಸ್'. ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ ಕಟ್ಟಿದ್ದು. 1984ರ ನವೆಂಬರಿನಲ್ಲಿ ಇಂಗ್ಲೆಂಡಿನ ಸೌತಾಂಪ್ಟನ್ನಿನಲ್ಲಿ ರಾಜಕುಮಾರಿ ಡಯಾನಾ ಅದಕ್ಕೆ ಹೆಸರಿಟ್ಟರು. ಅದರ ವಿಶೇಷ ಅಂದರೆ ಪ್ರಯಾಣಿಕರಿಗೆ ಒಳಕೋಣೆಯೇ ಇಲ್ಲ, ಎಲ್ಲ ಕೋಣೆಗೂ ಹೊರಗಿನ ನೋಟ. ಬರೀ ಸೂಟುಗಳಿಗಲ್ಲ, ಸಾಧಾರಣ ಕೋಣೆಗಳಲ್ಲೂ ಒಂದಷ್ಟಕ್ಕೆ ಬಾಲ್ಕನಿ. ಅದಕ್ಕಾಗಿ ಹಡಗಿನ ಒಳಗನ್ನೇ ತಲೆಕೆಳಗು ಮಾಡಿದರು. ಊಟದ ಹಾಲು, ಲಾಂಜು ಎಲ್ಲ ಕೆಳಗೆ, ಕೋಣೆಗಳು ಮೇಲೆ. ಮುಂಚೆ ಎಲ್ಲರಿಗೂ ಸೇರಿದ್ದ ಮೇಲಿನ ಗಾಳಿಯ ಜಾಗ ಈಗ ಒಬ್ಬೊಬ್ಬರ ಪಾಲಿಗೆ ತುಂಡು ತುಂಡಾಗಿ ಹಂಚಿಹೋಯಿತು. ಎಲ್ಲರೂ ಉದ್ದಕ್ಕೆ ಅಡ್ಡಾಡುತ್ತಿದ್ದ ಹಳೇ ಡೆಕ್ಕನ್ನು ಕತ್ತರಿಸಿ, ನಡುವೆ ಪಾರ್ಟಿಷನ್ ಹಾಕಿದರೆ ಏನಾಗುತ್ತೋ ಅದೇ ಬಾಲ್ಕನಿ. ನಮ್ಮಲ್ಲಿ ವಠಾರದ ಉದ್ದ ಜಗಲಿಗಳು ಹೋಗಿ ಅಪಾರ್ಟ್‌ಮೆಂಟ್ ಬಾಲ್ಕನಿಗಳು ಬಂದ ಹಾಗೆ.

1995ರ 'ಸನ್ ಪ್ರಿನ್ಸೆಸ್'ನಲ್ಲಿ ಬಾಲ್ಕನಿಗಳ ಸಂಖ್ಯೆ ನಾನೂರರ ಗಡಿ ದಾಟಿತು. ಆಮೇಲೆ ನಿಲ್ಲಿಸುವವರೇ ಇಲ್ಲ. ಇದಕ್ಕೆ ಕಟ್ಟುವ ವಿಧಾನವೂ ನೆರವಾಯಿತು. ಮಂಚ, ಬಚ್ಚಲು, ಪೈಪು, ವೈರಿಂಗ್ ಸಮೇತ ಇಡೀ ಕೋಣೆಯನ್ನು ಕಾರ್ಖಾನೆಯಲ್ಲೇ ಮುಗಿಸಿ ತಂದು, ಮೇಜಿಗೆ ಡ್ರಾಯರ್ ತಳ್ಳಿದ ಹಾಗೆ ಹಡಗಿನೊಳಗೆ ತಳ್ಳುತ್ತಾರೆ. ಕೋಣೆ ಕಿರಿದು, ಉದ್ದ, ತುದಿಯಲ್ಲಿ ಗಾಜಿನ ಬಾಗಿಲು, ಅದರಾಚೆ ಬಾಲ್ಕನಿ. ಹಡಗಿನ ಹೊರಗೋಡೆ ಎಷ್ಟು ಉದ್ದವೋ ಅಷ್ಟೇ ಬಾಲ್ಕನಿ ಸಾಧ್ಯ. ಇನ್ನೂ ಬೇಕು ಅಂದರೆ ಮಹಡಿ ಏರಿಸಬೇಕು. ಈಗಿನ ಕ್ರೂಸ್ ಹಡಗು ನೀರಿನ ಮೇಲೆ ನಿಂತ ಅಪಾರ್ಟ್‌ಮೆಂಟ್ ಥರ ಕಾಣುವುದು ಅದಕ್ಕೇ.

ಲೈಫ್‌ಬೋಟುಗಳೂ ಜಾಗ ಬಿಡಬೇಕಾಯಿತು. ಮೇಲ್ಗಡೆ ಸಾಲಾಗಿ ನೇತಾಡುತ್ತಿದ್ದವನ್ನು ಕೆಳಗಿನ ಡೆಕ್ಕಿಗೆ ಇಳಿಸಿದರು. 60ರ ದಶಕದ ಆರಂಭದ ಒರಿಯಾನಾ, ಕ್ಯಾನ್‌ಬೆರಾ ಈ ದಾರಿ ತೋರಿಸಿದ್ದವು. ನೀರಿಗೆ ಹತ್ತಿರ ಇದ್ದರೆ ಇಳಿಸುವುದೂ ಸುಲಭ, ಮೇಲಿನ ಗೋಡೆಯೂ ಖಾಲಿ. ಆದರೆ ಬೋಟಿನ ನೇರಕ್ಕೋ, ಅದರ ಸ್ವಲ್ಪ ಮೇಲೋ ಇರುವ ಕೋಣೆಯವರಿಗೆ ಸಮುದ್ರದ ಬದಲು ಕಿತ್ತಳೆ ಬಣ್ಣದ ಬೋಟಿನ ಮಾಡು ಕಾಣುತ್ತೆ. ಬುಕ್ ಮಾಡುವಾಗ 'ಅಬ್‌ಸ್ಟ್ರಕ್ಟೆಡ್ ವ್ಯೂ' ಅಂತ ಸಣ್ಣಕ್ಷರದಲ್ಲಿ ಇದ್ದರೆ ಅರ್ಥ ಇದು. ರೇಟು ಸ್ವಲ್ಪ ಕಡಿಮೆ ಇರುತ್ತೆ, ತಪ್ಪಿಲ್ಲ, ಗೊತ್ತಿದ್ದು ತಗೊಳ್ಳಿ.

ಇಲ್ಲಿಂದ ಅಣ್ಣನ ಪಾಠ. ಬಾಲ್ಕನಿ ಬಾಗಿಲು ತೆರೆದು, ಅದೇ ಹೊತ್ತಿಗೆ ಕೋಣೆಯ ಮುಂಬಾಗಿಲನ್ನೂ ತೆರೆದರೆ ಸುರಂಗದಲ್ಲಿ ಬೀಸಿದ ಹಾಗೆ ಗಾಳಿ ನುಗ್ಗುತ್ತೆ, ಬಾಗಿಲು ಬಡಿದು ಬೆರಳು ಸಿಕ್ಕಿಕೊಂಡವರನ್ನು ಅವನು ನೋಡಿದ್ದಾನೆ. ಕಂಬಿಯ ಮೇಲೆ ದಿನಾ ಉಪ್ಪು ಕೂರುತ್ತೆ, ಬಿಳಿ ಅಂಗಿ ಹಾಕಿಕೊಂಡು ಒರಗಬೇಡಿ. ಪಕ್ಕದವರ ಜಗಳ ಕೇಳಿಸುತ್ತೆ, ನಿಮ್ಮದೂ ಅವರಿಗೆ ಕೇಳಿಸುತ್ತೆ. ಬಂದರಿನಲ್ಲಿ ನಿಂತಾಗ ನಿಮ್ಮ ಬದಿ ಧಕ್ಕೆಯ ಕಡೆಗಿದ್ದರೆ ದಿನವಿಡೀ ಕಂಟೇನರ್ ನೋಟ. ಗಾಳಿ ಮಳೆ ಜೋರಾದರೆ ಬಾಲ್ಕನಿಗೆ ಹೋಗಬೇಡಿ ಅಂತ ಹೇಳಿಬಿಡುತ್ತಾರೆ. ಹೊಟ್ಟೆ ತೊಳಸುವವರು ತೀರಾ ಮೇಲೂ ಬೇಡ, ತುದಿಯಲ್ಲೂ ಬೇಡ, ನಡು ಹಡಗಿನ ಕೋಣೆ ಹಿಡಿಯಬೇಕು. ಅಮ್ಮನಿಗೆ ಆಗುಂಬೆ ಘಾಟಿಯಲ್ಲೇ ನಿಂಬೆಹಣ್ಣು ಬೇಕು, ಇದನ್ನು ದಪ್ಪ ಅಕ್ಷರದಲ್ಲಿ ಬರೆದುಕೊಂಡೆ.

ಇನ್ನೊಂದು ಮಾತು ಹೇಳಿದ, ಅದು ನನ್ನ ತಲೆಯಿಂದ ಹೋಗಲೇ ಇಲ್ಲ. ಎಷ್ಟೋ ಹಡಗುಗಳಲ್ಲಿ ಬಾಲ್ಕನಿ ಬಾಗಿಲು ತೆರೆದ ಕೂಡಲೇ ಕೋಣೆಯ ಎಸಿ ತಾನಾಗಿ ನಿಂತುಹೋಗುತ್ತೆ, ವಿದ್ಯುತ್ ಉಳಿಸಲು. ಸ್ವಲ್ಪ ಹೊತ್ತಿಗೆ ಜನ ಸೆಕೆ ಅಂತ ಬಾಗಿಲು ಮುಚ್ಚಿಕೊಳ್ಳುತ್ತಾರಂತೆ. ಗಾಜಿನೊಳಗಿನಿಂದ ನೋಡುತ್ತಾ ಕೂರುತ್ತಾರೆ. ಅಜ್ಜನ ಕಾಲದಲ್ಲಿ ಹಡಗಿನಲ್ಲಿ ಗಾಳಿ ಬೇಕಿತ್ತು, ನೋಟ ಪುಕ್ಕಟೆ. ಎಸಿ ಬಂದ ಮೇಲೆ ಗಾಳಿ ಯಾರಿಗೂ ಬೇಡ, ನೋಟಕ್ಕೆ ಬೆಲೆ.

ಈ ನೋಟ ಮಾರುವ ಆಟ ಎಲ್ಲಿಯವರೆಗೆ ಹೋಯಿತು ಅಂದರೆ, 2009ರ 'ಓಯಸಿಸ್ ಆಫ್ ದಿ ಸೀಸ್' ಹಡಗಿನ ಮಧ್ಯಭಾಗವನ್ನೇ ಸೀಳಿ, ಆಕಾಶಕ್ಕೆ ತೆರೆದ ಒಂದು ಉದ್ಯಾನ ಮಾಡಿ, ಅದಕ್ಕೆ ಮುಖ ಮಾಡಿದ ಬಾಲ್ಕನಿಗಳನ್ನು ಮಾರಿದರು. ಸಮುದ್ರದ ಮೇಲೆ ಹೋಗಿ ಪಾರ್ಕು ನೋಡುವುದು! 2014ರಲ್ಲಿ ಒಳಕೋಣೆಗಳಿಗೆ 'ವರ್ಚುವಲ್ ಬಾಲ್ಕನಿ' ಬಂತು: ಗೋಡೆಗೆ 80 ಇಂಚಿನ ಪರದೆ, ಹೊರಗಿನ ಕ್ಯಾಮೆರಾದಿಂದ ಸಮುದ್ರದ ಲೈವ್. ನಗಬೇಡಿ, ಬೆಂಗಳೂರಿನ ಎಷ್ಟೋ ಪೀಜಿ ರೂಮುಗಳಿಗಿಂತ ವಾಸಿ. 2018ರ 'ಸೆಲೆಬ್ರಿಟಿ ಎಜ್'ನಲ್ಲಿ ಬಾಲ್ಕನಿಯನ್ನೇ ಕೋಣೆಯೊಳಗೆ ಸೇರಿಸಿ, ಗುಂಡಿ ಒತ್ತಿದರೆ ಅರ್ಧ ಗಾಜು ಕೆಳಗಿಳಿಯುವ ಹಾಗೆ ಮಾಡಿದರು. ಅಟ್ಲಾಂಟಿಕ್ ದಾಟಲೆಂದೇ ಕಟ್ಟಿದ 'ಕ್ವೀನ್ ಮೇರಿ 2' ಮಾತ್ರ 2004ರಲ್ಲಿ ಹಳೇ ಭಯವನ್ನು ಮರೆಯಲಿಲ್ಲ. ಅದರ ಕೆಳಗಿನ ಬಾಲ್ಕನಿಗಳು ಉಕ್ಕಿನ ಗೋಡೆಯಲ್ಲಿ ಕೊರೆದ ಗೂಡುಗಳು. ಕೂತರೆ ಎದೆಮಟ್ಟದ ಉಕ್ಕಷ್ಟೇ ಕಾಣುತ್ತೆ, ಸಮುದ್ರ ನೋಡಬೇಕಾದರೆ ಏಳಬೇಕು.

ಬಾಲ್ಕನಿಯಲ್ಲಿ ಸಿಗರೇಟು ಸೇದಬಾರದು, ಬಟ್ಟೆ ಒಣಗಹಾಕಬಾರದು ಅನ್ನುವ ಬೋರ್ಡು ನೋಡಿ 'ಅಯ್ಯೋ, ನಮ್ಮ ದುಡ್ಡು ಕೊಟ್ಟು ತಗೊಂಡಿದ್ದು' ಅಂತ ಗೊಣಗುವವರಿಗೆ ಇದೊಂದು ಘಟನೆ ಹೇಳಬೇಕು. 2006ರ ಮಾರ್ಚ್ 23. 'ಸ್ಟಾರ್ ಪ್ರಿನ್ಸೆಸ್' ಹಡಗು ಕೆರಿಬಿಯನ್ನಿನಲ್ಲಿ ಗ್ರ್ಯಾಂಡ್ ಕೇಮನ್ನಿನಿಂದ ಜಮೈಕಾ ಕಡೆಗೆ ಹೊರಟಿತ್ತು. ಬೆಳಗಿನ ಜಾವ ಮೂರರ ಸುಮಾರಿಗೆ ಒಂದು ಬಾಲ್ಕನಿಯಲ್ಲಿ ಬೆಂಕಿ ಕಾಣಿಸಿತು. ಸರಿಯಾಗಿ ಆರಿಸದ ಸಿಗರೇಟೇ ಕಾರಣ ಇರಬೇಕು ಅಂತ ತನಿಖೆ ಹೇಳಿತು. ಬಾಲ್ಕನಿಗಳ ನಡುವಿನ ಪಾರ್ಟಿಷನ್ ಪಾಲಿಕಾರ್ಬೊನೇಟಿನದು, ಕುರ್ಚಿಗಳು ಪ್ಲಾಸ್ಟಿಕ್ಕಿನವು. ಹಡಗು ಓಡುವ ಗಾಳಿ ಬೇರೆ. ಬೆಂಕಿ ಬಾಲ್ಕನಿಯಿಂದ ಬಾಲ್ಕನಿಗೆ, ಮಹಡಿಯಿಂದ ಮಹಡಿಗೆ ಏಣಿ ಹತ್ತಿದ ಹಾಗೆ ಹತ್ತಿತು. ಕೋಣೆಗಳೊಳಗೆ ನೀರು ಚಿಮ್ಮಿಸುವ ವ್ಯವಸ್ಥೆ ಇತ್ತು, ಅದರಿಂದ ಹಡಗು ಉಳಿಯಿತು. ಬಾಲ್ಕನಿಯಲ್ಲಿ ಏನೂ ಇರಲಿಲ್ಲ, ಯಾಕಂದ್ರೆ ನಿಯಮ ಬರೆದವರ ಕಣ್ಣಿಗೆ ಅದು 'ಹೊರಗೆ'. ಹೊಗೆಯಿಂದ ಒಬ್ಬ ಪ್ರಯಾಣಿಕ ತೀರಿಕೊಂಡರು. ನೂರಾರು ಕೋಣೆಗಳಿಗೆ ಹಾನಿಯಾಯಿತು.

ಟೈಟಾನಿಕ್ ಮುಳುಗಿದ ಮೇಲೆ 1914ರಲ್ಲಿ ಹುಟ್ಟಿದ 'ಸೋಲಾಸ್' ಅನ್ನುವ ಅಂತರರಾಷ್ಟ್ರೀಯ ಒಪ್ಪಂದ ಇದೆ, ಸಮುದ್ರದಲ್ಲಿ ಜೀವ ಉಳಿಸುವ ನಿಯಮಗಳ ಪುಸ್ತಕ ಅನ್ನಬಹುದು. ಸ್ಟಾರ್ ಪ್ರಿನ್ಸೆಸ್ ನಂತರ ಅದಕ್ಕೆ ಬಾಲ್ಕನಿಯ ಅಧ್ಯಾಯ ಸೇರಿ 2008ರಿಂದ ಜಾರಿಗೆ ಬಂತು. ಪಾರ್ಟಿಷನ್ ಸುಲಭವಾಗಿ ಉರಿಯದ ವಸ್ತುವಿನದ್ದಿರಬೇಕು. ಕುರ್ಚಿ ಮೇಜು ಉರಿಯುವಂಥದ್ದಾದರೆ ಬೆಂಕಿ ಪತ್ತೆ ಹಚ್ಚುವ, ಆರಿಸುವ ಯಂತ್ರ ಬಾಲ್ಕನಿಯಲ್ಲೂ ಇರಬೇಕು. 2010ರಲ್ಲಿ ಅಮೆರಿಕ ತನ್ನ ಬಂದರುಗಳಿಗೆ ಬರುವ ಕ್ರೂಸ್ ಹಡಗುಗಳ ಕಂಬಿ 42 ಇಂಚಿಗಿಂತ ಕಡಿಮೆ ಇರಬಾರದು ಅಂತ ಕಾನೂನು ಮಾಡಿತು. ನೀವು ಕಾಫಿ ಹಿಡಿದು ಒರಗುವ ಆ ಕಂಬಿಯ ಎತ್ತರವೂ ಯಾರೋ ಬಿದ್ದದ್ದರ ಲೆಕ್ಕ.

ಈಗ 2020. ಫೆಬ್ರವರಿ ಮೊದಲ ವಾರ, ಜಪಾನಿನ ಯೊಕೊಹಾಮಾದಲ್ಲಿ 'ಡೈಮಂಡ್ ಪ್ರಿನ್ಸೆಸ್' ಹಡಗನ್ನು ತಡೆದು ನಿಲ್ಲಿಸಿದರು. ಪ್ರಯಾಣಿಕರು, ಸಿಬ್ಬಂದಿ ಸೇರಿ 3,711 ಜನ. ಒಳಗೆ ಕೊರೊನಾ. ಎಲ್ಲರೂ ಕೋಣೆಯಿಂದ ಹೊರಗೆ ಬರಬೇಡಿ ಅಂತ ಆದೇಶ. ಗಮನಿಸಿ, ರಾಯಲ್, ಸನ್, ಸ್ಟಾರ್, ಡೈಮಂಡ್ ಎಲ್ಲವೂ ಒಂದೇ ಕಂಪನಿಯ ಹಡಗುಗಳು. ಬಾಲ್ಕನಿಯನ್ನು ಸಾಮಾನ್ಯರಿಗೂ ತಂದವರ ಹಡಗಿನಲ್ಲೇ ಬಾಲ್ಕನಿಯ ನಿಜವಾದ ಬೆಲೆ ಗೊತ್ತಾಗಿದ್ದು ಕಾಕತಾಳೀಯ.

ಆ ಎರಡು ವಾರ ಹಡಗಿನಲ್ಲಿ ಎರಡು ಜಾತಿ. ಬಾಲ್ಕನಿ ಇದ್ದವರು ಆಕಾಶ ನೋಡಿದರು, ಪಕ್ಕದವರ ಜೊತೆ ಮಾತಾಡಿದರು. ಒಳಕೋಣೆಯವರಿಗೆ ನಾಲ್ಕು ಗೋಡೆ, ಒಂದು ಟಿವಿ. ಹಗಲೋ ರಾತ್ರಿಯೋ ತಿಳಿಯಲು ಗಡಿಯಾರವೇ ಬೇಕು. ಕೊನೆಗೆ ಅಧಿಕಾರಿಗಳು ಸರದಿ ಮಾಡಿ, ಕಿಟಕಿ ಇಲ್ಲದವರಿಗೆ ಮೊದಲ ಆದ್ಯತೆ ಕೊಟ್ಟು, ಸ್ವಲ್ಪ ಹೊತ್ತು ಡೆಕ್ಕಿಗೆ ಬಿಟ್ಟರು. ಬರೀ ಗಾಳಿಗೋಸ್ಕರ.

ಮೂರನೆಯ ಗುಂಪಿನ ಬಗ್ಗೆ ಕಡಿಮೆ ಜನ ಮಾತಾಡಿದರು. 3,711ರಲ್ಲಿ ಸಾವಿರಕ್ಕೂ ಹೆಚ್ಚು ಮಂದಿ ಸಿಬ್ಬಂದಿ. ಅವರಲ್ಲಿ 132 ಜನ ಭಾರತೀಯರು. ಪ್ರಯಾಣಿಕರೆಲ್ಲ ಕೋಣೆಯೊಳಗೆ ಇರಬೇಕಾದರೆ ಊಟದ ತಟ್ಟೆ ಹೊತ್ತು ಬಾಗಿಲಿಂದ ಬಾಗಿಲಿಗೆ ಹೋಗುವವರು ಯಾರು? ಕೆಲಸ ಮುಗಿಸಿ ಅವರು ಮಲಗುತ್ತಿದ್ದದ್ದು ಹಂಚಿಕೊಂಡ ಕೋಣೆಗಳಲ್ಲಿ, ಉಣ್ಣುತ್ತಿದ್ದದ್ದು ಒಟ್ಟಿಗೆ. ನಮ್ಮವರಲ್ಲಿ ಕೆಲವರು ಮಾಸ್ಕ್ ಹಾಕಿಕೊಂಡು ಫೋನಿನಲ್ಲಿ ವಿಡಿಯೊ ಮಾಡಿ, ದಯವಿಟ್ಟು ನಮ್ಮನ್ನು ಕರೆಸಿಕೊಳ್ಳಿ ಅಂತ ಬೇಡಿದ್ದು ನಿಮಗೆ ನೆನಪಿರಬಹುದು. ಒಟ್ಟು 712 ಜನಕ್ಕೆ ಸೋಂಕು ತಗುಲಿತು. ಫೆಬ್ರವರಿ 27ಕ್ಕೆ ಏರ್ ಇಂಡಿಯಾ ವಿಮಾನ 119 ಭಾರತೀಯರನ್ನು ದೆಹಲಿಗೆ ತಂದಿತು.

ಅಣ್ಣ ಆ ಹಡಗಿನಲ್ಲಿ ಇರಲಿಲ್ಲ. ಬೇರೊಂದರಲ್ಲಿ ಇದ್ದ. ಮಾರ್ಚಿನಲ್ಲಿ ಲೋಕವೆಲ್ಲ ಬಾಗಿಲು ಹಾಕಿದಾಗ ಅವನ ಹಡಗಿನ ಪ್ರಯಾಣಿಕರನ್ನು ಇಳಿಸಿ ಮನೆಗೆ ಕಳಿಸಿದರು. ಸಿಬ್ಬಂದಿಯನ್ನು ಇಳಿಸಿಕೊಳ್ಳಲು ಯಾವ ಬಂದರೂ ತಯಾರಿಲ್ಲ, ಇತ್ತ ಭಾರತದಲ್ಲಿ ವಿಮಾನಗಳಿಲ್ಲ. ಆ ವರ್ಷ ಸಾವಿರಾರು ನಾವಿಕರು ಹೀಗೆ ತಿಂಗಳುಗಟ್ಟಲೆ ಸಮುದ್ರದಲ್ಲೇ ಉಳಿದರು. ದೊಡ್ಡಮ್ಮ ದಿನಾ ಸಂಜೆ ಉಡುಪಿಯ ಮನೆಯ ಜಗಲಿಯಲ್ಲಿ ಫೋನ್ ಹಿಡಿದು ಕೂರುತ್ತಿದ್ದದ್ದು ನನಗೆ ಚೆನ್ನಾಗಿ ನೆನಪಿದೆ. ವಾಟ್ಸ್ಯಾಪಿನಲ್ಲಿ ಒಂದು ಟಿಕ್ ಎರಡಾಗುವವರೆಗೆ ಏಳುತ್ತಿರಲಿಲ್ಲ.

ಅಣ್ಣನ ಸ್ವಂತ ಕೋಣೆ ಎಲ್ಲಿತ್ತು ಅಂತ ನಾನು ಯಾವತ್ತೂ ಕೇಳಿರಲಿಲ್ಲ. ಈ ಸಲ ಕೇಳಿದೆ. ನೀರಿನ ಮಟ್ಟಕ್ಕಿಂತ ಕೆಳಗೆ. ಇಬ್ಬರಿಗೊಂದು ಕೋಣೆ, ಮೇಲೊಂದು ಕೆಳಗೊಂದು ಬರ್ತು, ಕಿಟಕಿ ಇಲ್ಲ. ಗೋಡೆಯಾಚೆ ನೀರು ಹರಿಯುವ ಸದ್ದು. ಆ ಕೆಳಗಿನ ಮಹಡಿಯಲ್ಲಿ ಹಡಗಿನ ಈ ತುದಿಯಿಂದ ಆ ತುದಿಗೆ ಒಂದು ಉದ್ದ ದಾರಿ ಇರುತ್ತೆ. ಅಮೆರಿಕದ ಹೆದ್ದಾರಿಯೊಂದರ ಹೆಸರಿನಲ್ಲಿ ಅದನ್ನು 'ಐ-95' ಅಂತಾರಂತೆ. ಸಾಮಾನು, ಲಾಂಡ್ರಿ, ಕಸ, ಜನ ಎಲ್ಲ ಓಡಾಡುವುದು ಅಲ್ಲಿಯೇ. ಆರು ವರ್ಷ ದಿನಕ್ಕೆ ಹದಿನೈದಿಪ್ಪತ್ತು ಬಾಲ್ಕನಿ ಒರೆಸಿದ್ದಾನೆ. ಕೂರುವಂತಿಲ್ಲ. ಒರೆಸುವಾಗ ಅರ್ಧ ನಿಮಿಷ ಜಾಸ್ತಿ ನಿಲ್ಲುತ್ತಿದ್ದನಂತೆ, ಅಷ್ಟೇ.

ಏಪ್ರಿಲಿನಲ್ಲಿ ಒಂದು ದಿನ ಹಡಗಿನವರು ಹೊಸ ವ್ಯವಸ್ಥೆ ಮಾಡಿದರು. ಒಬ್ಬೊಬ್ಬರೂ ಬೇರೆ ಬೇರೆ ಇರಬೇಕಲ್ಲ, ಮೇಲಿನ ಕೋಣೆಗಳೆಲ್ಲ ಖಾಲಿ ಇವೆ, ಅಲ್ಲಿಗೆ ಹೋಗಿ ಅಂದರು. ಆ ವಸಂತದಲ್ಲಿ ಹಲವು ಕಂಪನಿಗಳು ಹೀಗೆ ಮಾಡಿದವು. ಅಣ್ಣನಿಗೆ ಸಿಕ್ಕಿದ್ದು ಅವನೇ ದಿನಾ ಕ್ಲೀನ್ ಮಾಡುತ್ತಿದ್ದ ಸಾಲಿನ ಒಂದು ಬಾಲ್ಕನಿ ಕೋಣೆ.

"ಮೊದಲ ದಿನ ಕೂರ್ಲಿಕ್ಕೇ ಆಗ್ಲಿಲ್ಲ ಗೊತ್ತುಂಟಾ" ಅಂದ. "ಯಾರಾದ್ರೂ ನೋಡಿದ್ರೆ ಬೈತಾರೆ ಅಂತ ಅನಿಸ್ತಾ ಇತ್ತು. ಕುರ್ಚಿ ಎಳೆದೆ, ಮತ್ತೆ ಜಾಗಕ್ಕೆ ಇಟ್ಟೆ. ಮರುದಿನ ಬೆಳಿಗ್ಗೆ ಎದ್ದವ ಫಸ್ಟ್ ಎಂಥ ಮಾಡಿದ್ದು ಹೇಳು? ಕಂಬಿಯ ಉಪ್ಪು ಒರೆಸಿದ್ದು. ಆಚೆ ಬಾಲ್ಕನಿಯಲ್ಲಿ ನೋಡಿದ್ರೆ ಗೋವಾದವ ಒಬ್ಬ, ಅವನೂ ಒರೆಸ್ತಾ ಇದ್ದಾನೆ. ಇಬ್ರೂ ನಕ್ಕದ್ದೇ ನಕ್ಕದ್ದು."

ಮೂವತ್ತೆಂಟು ದಿನ ಅಲ್ಲಿದ್ದನಂತೆ. ಎಸಿ ಹಾಕಲಿಲ್ಲ. ಬಾಗಿಲು ತೆರೆದಿಟ್ಟುಕೊಂಡೇ ಮಲಗಿದ್ದು. "ರಾತ್ರಿ ಅಜ್ಜನ ನೆನಪಾಗ್ತಿತ್ತು" ಅಂದ. ಮನೆಗೆ ಬಂದ ಮೇಲೆ ಅವನು ಮತ್ತೆ ಹಡಗಿಗೆ ಹೋಗಲಿಲ್ಲ. ಈಗ ಮಣಿಪಾಲದಲ್ಲಿ ಒಂದು ಹೋಟೆಲಿನ ಹೌಸ್‌ಕೀಪಿಂಗ್ ನೋಡಿಕೊಳ್ಳುತ್ತಾನೆ.

ಹಾಗಾದ್ರೆ ನಾನು ಯಾವುದು ತಗೊಳ್ಳಲಿ ಅಂತ ಕೇಳಿದೆ. "ಚಿಕ್ಕಮ್ಮನಿಗೆ ಬಾಲ್ಕನಿ ತೆಗಿ" ಅಂದ. "ಆದ್ರೆ ಹೇಳು ಅವರಿಗೆ, ಬಾಗಿಲು ತೆರೆದಿಡ್ಲಿಕ್ಕೆ. ಮತ್ತೆ ಸ್ಟೀವರ್ಡಿಗೆ ಹೆಸರು ಕೇಳ್ಲಿಕ್ಕೆ."

ತಗೊಂಡೆ. ನಡು ಹಡಗು, ಬೋಟಿನ ಅಡ್ಡ ಇಲ್ಲದ್ದು. ಕೊನೆಯ ಪ್ರಶ್ನೆ ಎಡಬದಿಯಾ ಬಲಬದಿಯಾ ಅಂತ. ಮುಂಬಯಿಯಿಂದ ದಕ್ಷಿಣಕ್ಕೆ ಹೋಗುವಾಗ ಎಡಕ್ಕೆ ಕೊಂಕಣದ ಕರೆ, ಬಲಕ್ಕೆ ತೆರೆದ ಅರಬ್ಬಿ ಸಮುದ್ರ. ಅಪ್ಪನಿಗೆ ಸೂರ್ಯಾಸ್ತ ಬೇಕು, ಅಂದರೆ ಬಲಬದಿ. ಅಮ್ಮನಿಗೆ ಮಧ್ಯಾಹ್ನದ ಬಿಸಿಲು ಬೇಡ, ಅಂದರೆ ಎಡಬದಿ. ನಾನು 'ಪಾಶ್' ಕಥೆ ಪೂರ್ತಿ ಹೇಳಿ, ಅದು ಸುಳ್ಳು ಅಂತಲೂ ಹೇಳಿ, ಆದರೆ ಲೆಕ್ಕ ಸರಿ ಅಂತಲೂ ಹೇಳಿದೆ. ಅಮ್ಮ ಕೇಳಿಸಿಕೊಂಡು, "ಹೋಗುವಾಗ ನಿನ್ನ ಅಪ್ಪ ಹೇಳಿದ ಬದಿ ಇರಲಿ, ಬರುವಾಗ ಅದೇ ಕೋಣೆಗೆ ಬಿಸಿಲು ಇರುವುದಿಲ್ಲವಲ್ಲ" ಅಂದರು. ಸಾಹೇಬರಿಗೆ ಎರಡು ಟಿಕೆಟ್ ಬೇಕಾಗಿದ್ದನ್ನು ಅಮ್ಮ ಒಂದರಲ್ಲೇ ಮುಗಿಸಿದರು.

ಬಲಬದಿ ಬುಕ್ ಆಗಿದೆ. ಫೋಟೊ ಬಂದರೆ ಹಾಕ್ತೀನಿ. ನಿಮ್ಮ ಮನೆಯಲ್ಲೂ ಹಡಗಿನಲ್ಲಿ ಬೊಂಬಾಯಿಗೆ ಹೋದ ಅಜ್ಜ, ಅಜ್ಜಿ ಇದ್ದರೆ ಅವರ ಮಾತು ರೆಕಾರ್ಡ್ ಮಾಡಿ ಕಳಿಸಿ, ಮುಂದೆ ಯಾವತ್ತಾದರೂ ಕೇಳಿಸೋಣ.